ಇಪ್ಪತ್ತು ನಿಮಿಷದ ಆಪರೇಷನ್ನಿಗೆ ಮೂರು ಸಲ ಉಪವಾಸ

ಅಮ್ಮನಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಬಲಗೈ ಜೋಮು ಹಿಡಿದು, ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಎದ್ದು ಕೂತು ಕೈ ಕೊಡವಿದರೆ ಕೊಂಚ ಹಗುರ. ಮೂವತ್ತು ವರ್ಷ ಊರಿನವರ ಬ್ಲೌಸು, ಲಂಗ ಹೊಲಿದ ಕೈ ಅದು. ಕೈಯಿಂದ ಕತ್ತರಿ ಜಾರಿ ಬೀಳಲು ಶುರುವಾದ ಮೇಲೇ ಅಮ್ಮ ನನಗೆ ಹೇಳಿದ್ದು.

ಜಿಲ್ಲಾಸ್ಪತ್ರೆಯ ಮೂಳೆ ಡಾಕ್ಟರು ನೋಡಿ, "ಕಾರ್ಪಲ್ ಟನಲ್" ಅಂದರು. ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗ ಇದೆ. ಅದರೊಳಗೆ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಹಾದುಹೋಗುತ್ತವೆ. ಜಾಗ ಕಿರಿದಾದಾಗ ಮೊದಲು ಪೆಟ್ಟು ತಿನ್ನುವುದು ನರ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಲ್ಲಿ, ಹೆಂಗಸರಲ್ಲಿ, ಕೈಗೆ ಒಂದೇ ತರದ ಕೆಲಸ ಕೊಡುವವರಲ್ಲಿ ಇದು ಹೆಚ್ಚು. ಅಮ್ಮ ಈ ಪಟ್ಟಿಯ ಬಹುತೇಕ ಎಲ್ಲ ಕಾಲಂಗಳಲ್ಲೂ ಟಿಕ್ ಹಾಕಿಸಿಕೊಂಡವಳು. ಮೊದಲು ಕೈಗೆ ಪಟ್ಟಿ ಕಟ್ಟಿದರು, ಆಮೇಲೆ ಒಂದು ಇಂಜೆಕ್ಷನ್ ಕೊಟ್ಟರು. ನಾಲ್ಕು ತಿಂಗಳು ಚೆನ್ನಾಗಿತ್ತು, ಮತ್ತೆ ಶುರುವಾಯ್ತು.

"ಚಿಕ್ಕ ಆಪರೇಷನ್ ಅಮ್ಮ. ಬೆಳಗ್ಗೆ ಬಂದು ಸಾಯಂಕಾಲ ಮನೆಗೆ ಹೋಗಬಹುದು" ಅಂದರು ಡಾಕ್ಟರು.

ಮೊದಲ ತಾರೀಖು: ರಾತ್ರಿ ಹತ್ತರಿಂದ ಉಪವಾಸ, ಬೆಳಗಿನ ಶುಗರ್ ಮಾತ್ರೆ ಬಂದ್, ಐದೂವರೆ ಬಸ್ಸು. ಮಧ್ಯಾಹ್ನ ಎರಡಕ್ಕೆ ಸಿಸ್ಟರ್ ಬಂದು, "ಆಕ್ಸಿಡೆಂಟ್ ಕೇಸ್ ಎರಡು ಬಂದಿದೆ ಅಮ್ಮ, ಇವತ್ತಾಗಲ್ಲ, ಸೋಮವಾರ ಬನ್ನಿ" ಅಂದರು. ಸೋಮವಾರ ಅರಿವಳಿಕೆ ತಜ್ಞರು ಸಿಸೇರಿಯನ್ನಿಗೆ ಹೋಗಿದ್ದರು, ಮತ್ತೆ ವಾಪಸ್. ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ಬೆವರಿ, ಕೈ ನಡುಗಿ ಕೂತುಬಿಟ್ಟಳು. ಓಡಿ ಹೋಗಿ ಬಾಳೆಹಣ್ಣು, ಕಾಫಿ ತಂದುಕೊಟ್ಟೆ. "ಬಿಡೋ, ಈ ಕೈಲೇ ಹೆಂಗೋ ಕಾಲ ಹಾಕ್ತೀನಿ" ಅಂದಳು.

ಮೂರನೇ ಸಲ ಆಯ್ತು. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿ ತೆರೆಯುವಷ್ಟರಲ್ಲಿ ಇಪ್ಪತ್ತು ನಿಮಿಷ. ಅದಾದ ಮೇಲೆ, "ನಾಳೆ ಡ್ರೆಸಿಂಗ್ ನೋಡಿ ಕಳಿಸೋಣ" ಅಂತ ಎರಡು ರಾತ್ರಿ ವಾರ್ಡಿನಲ್ಲಿ ಇಟ್ಟುಕೊಂಡರು. ಪಕ್ಕದಲ್ಲಿ ತೊಡೆ ಮೂಳೆ ಮುರಿದವರು ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಸರದಿ ಕಾಯುತ್ತಿದ್ದರು. ಮನೆಗೆ ಹೋಗಬಹುದಾಗಿದ್ದ ಅಮ್ಮ ಮಂಚದ ಮೇಲೆ ಮುಜುಗರಪಟ್ಟುಕೊಂಡು ಕೂತಿದ್ದಳು.

ಸಿಟ್ಟು ಬಂತು. ಆದರೆ ಸಿಟ್ಟು ಯಾರ ಮೇಲೆ? ಅದೇ ಡಾಕ್ಟರು ಬೆಳಗ್ಗೆ ಒಪಿಡಿಯ ಉದ್ದನೆಯ ಸಾಲು ಮುಗಿಸಿ, ಊಟ ಬಿಟ್ಟು ಥಿಯೇಟರಿಗೆ ಓಡಿದ್ದನ್ನು ನಾನೇ ನೋಡಿದ್ದೆ. ನಾನು ಎಂಜಿನಿಯರಿಂಗ್ ಓದಿದವನು. ಒಂದು ವ್ಯವಸ್ಥೆಯಲ್ಲಿ ಎಲ್ಲರೂ ಬೆವರು ಸುರಿಸಿ ದುಡಿಯುತ್ತಿದ್ದರೂ ಕೆಲಸ ಹೊರಬರುತ್ತಿಲ್ಲ ಅಂದರೆ ತಪ್ಪು ಮನುಷ್ಯರದ್ದಲ್ಲ, ಜೋಡಣೆಯದ್ದು ಅಂತ ನಮಗೆ ಮೊದಲು ಕಲಿಸುತ್ತಾರೆ. ಆ ಜೋಡಣೆಯನ್ನೇ ಇಲ್ಲಿ ಬಿಚ್ಚಿ ನೋಡೋಣ.

ಡೇ ಕೇರ್ ಅಂದರೆ ಏನು?

ಆಸ್ಪತ್ರೆಗೆ ಹೋಗುವ ರೋಗಿಗಳನ್ನು ನಾವು ಎರಡೇ ಗುಂಪು ಮಾಡಿಕೊಂಡಿದ್ದೇವೆ. ತೋರಿಸಿಕೊಂಡು ಹೋಗುವವರು ಒಪಿಡಿ, ಅಡ್ಮಿಟ್ ಆಗುವವರು ವಾರ್ಡು. ಡೇ ಕೇರ್ ಇವೆರಡರ ನಡುವಿನದು: ಆಪರೇಷನ್ ಆಗುತ್ತದೆ, ರಾತ್ರಿ ಉಳಿಯುವುದಿಲ್ಲ.

ಇದು ಹೊಸ ಫ್ಯಾಷನ್ ಅಲ್ಲ, ಕಾರ್ಪೊರೇಟ್ ಆಸ್ಪತ್ರೆಗಳು ಕಂಡುಹಿಡಿದದ್ದೂ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೇಮ್ಸ್ ನಿಕೋಲ್ ಎಂಬ ಶಸ್ತ್ರವೈದ್ಯ 1909ರಲ್ಲಿ ಒಂದು ವರದಿ ಪ್ರಕಟಿಸಿದರು. ಹತ್ತು ವರ್ಷಗಳಲ್ಲಿ ಸುಮಾರು 9,000 ಮಕ್ಕಳಿಗೆ ಆಪರೇಷನ್ ಮಾಡಿ ಅಂದೇ ಮನೆಗೆ ಕಳಿಸಿದ ಲೆಕ್ಕ ಅದು. ಅವರಲ್ಲಿ ಹೆಚ್ಚಿನವರು ಕಾರ್ಮಿಕರ ಮಕ್ಕಳು. ಮಗುವಿಗೆ ತಾಯಿಗಿಂತ ಒಳ್ಳೆ ನರ್ಸ್ ಇಲ್ಲ ಎಂಬುದು ಅವರ ವಾದ. ಮನೆ ಸರಿಯಿರಬೇಕು, ಮನೆಗೆ ಹೋಗಿ ನೋಡಿಬರುವ ನರ್ಸ್‌ಗಳೂ ಇರಬೇಕು ಎಂಬುದನ್ನೂ ಅವರು ಮರೆತಿರಲಿಲ್ಲ. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಮೂಳೆ ಶಸ್ತ್ರಚಿಕಿತ್ಸೆ ಈ ದಾರಿಗೆ ಬರಲು ಎರಡು ಬೆಳವಣಿಗೆ ಬೇಕಾದವು. ಒಂದು, ಗಾಯ ಚಿಕ್ಕದಾಯಿತು. ಟೋಕಿಯೊದ ಕೆಂಜಿ ಟಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಉಪಕರಣವನ್ನು ಶವವೊಂದರ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವಟನಾಬೆ 1962ರಲ್ಲಿ ಅದೇ ದಾರಿಯಲ್ಲಿ ಮಂಡಿಯೊಳಗಿನ ಹರಿದ ಮೆತ್ತೆಯನ್ನು ಕತ್ತರಿಸಿ ತೆಗೆದರು. ಮಂಡಿಯನ್ನು ಪೂರ್ತಿ ಬಿಚ್ಚಬೇಕಾಗಿದ್ದ ಜಾಗದಲ್ಲಿ ಈಗ ಎರಡು ಸಣ್ಣ ತೂತು ಸಾಕು. ಎರಡು, ಅರಿವಳಿಕೆ ಹಗುರವಾಯಿತು. ಬೇಗ ಎಚ್ಚರವಾಗುವ ಔಷಧಿಗಳು ಬಂದವು. ಅಲ್ಟ್ರಾಸೌಂಡ್ ನೋಡಿಕೊಂಡು ತೋಳಿನ ನರಗಳನ್ನಷ್ಟೇ ಮರಗಟ್ಟಿಸುವುದು ಸಾಧ್ಯವಾಯಿತು.

ಇವತ್ತು ಸಾಧಾರಣ ಜನರಲ್ ಆಸ್ಪತ್ರೆಯೊಂದರಲ್ಲಿ ಅಂದೇ ಬಂದು ಅಂದೇ ಹೋಗಬಹುದಾದ ಮೂಳೆ ಆಪರೇಷನ್‌ಗಳು ಬೇಕಾದಷ್ಟಿವೆ. ಮಣಿಕಟ್ಟಿನ ನರ ಬಿಡಿಸುವುದು. ಮಡಚಿದ ಬೆರಳು ಸಿಕ್ಕಿಹಾಕಿಕೊಳ್ಳುವ ಟ್ರಿಗರ್ ಫಿಂಗರ್. ಗ್ಯಾಂಗ್ಲಿಯಾನ್ ಗಂಟು. ಹಳೇ ಮುರಿತಕ್ಕೆ ಹಾಕಿದ ಕೆಲವು ಪ್ಲೇಟು, ಸ್ಕ್ರೂ ತೆಗೆಯುವುದು. ಮಕ್ಕಳ ಮುರಿದ ಮುಂಗೈಯನ್ನು ಜೋಡಿಸಿ ಪ್ಲಾಸ್ಟರ್ ಹಾಕುವುದು. ಮಣಿಕಟ್ಟಿನ ಮುರಿತಕ್ಕೆ ತಂತಿ ಹಾಕುವುದು. ಮಂಡಿಯ ಆರ್ಥ್ರೋಸ್ಕೋಪಿ. ಇವುಗಳಲ್ಲಿ ಎಷ್ಟೋ ಕೆಲಸ ಒಂದು ಗಂಟೆಯೂ ಹಿಡಿಯುವುದಿಲ್ಲ.

ಇದಕ್ಕೆ ಅತ್ಯುತ್ತಮ ಉದಾಹರಣೆ ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟುವ ಕ್ಲಬ್‌ಫುಟ್ ಮಕ್ಕಳು. ಅಮೆರಿಕದ ಅಯೋವಾದಲ್ಲಿದ್ದ ಇಗ್ನೇಸಿಯೊ ಪೊನ್ಸೆಟಿ ರೂಪಿಸಿದ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಹಾಕಿ ಪಾದವನ್ನು ಮೆಲ್ಲಗೆ ನೇರ ಮಾಡುತ್ತಾರೆ. ಬಹುತೇಕ ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಪುಟ್ಟ ಕೊಯ್ತ, ಲೋಕಲ್ ಅನಸ್ತೇಷಿಯಾದಲ್ಲಿ, ಕೆಲವೇ ನಿಮಿಷ. ಮಗು ಹಾಲು ಕುಡಿದುಕೊಂಡು ಮನೆಗೆ ಹೋಗುತ್ತದೆ. ದೊಡ್ಡ ಆಪರೇಷನ್ ಬೇಕಾಗಿದ್ದ ಕಾಯಿಲೆ ಒಪಿಡಿ ಕೋಣೆಯಲ್ಲಿ ಮುಗಿಯುತ್ತದೆ.

ಹಾಸಿಗೆಯ ಲೆಕ್ಕ

ಈಗ ಸ್ವಲ್ಪ ಗಣಿತ. ಗಾಬರಿಯಾಗಬೇಡಿ, ಗುಣಾಕಾರ ಭಾಗಾಕಾರ ಅಷ್ಟೇ.

ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮ ಇದೆ. ಒಂದು ಜಾಗದಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ ಎನ್ನುವುದು, ದಿನಕ್ಕೆ ಎಷ್ಟು ಜನ ಬರುತ್ತಾರೆ ಮತ್ತು ಒಬ್ಬೊಬ್ಬರು ಎಷ್ಟು ದಿನ ಇರುತ್ತಾರೆ ಎಂಬುದರ ಗುಣಲಬ್ಧ. ದರ್ಶಿನಿ ಹೋಟೆಲಿಗೂ ಇದು ಅನ್ವಯ, ಮೊಬೈಲ್ ನೆಟ್‌ವರ್ಕಿಗೂ ಅನ್ವಯ, ಮೂಳೆ ವಾರ್ಡಿಗೂ ಅನ್ವಯ.

ಒಂದು ಕಾಲ್ಪನಿಕ ವಾರ್ಡು ತಗೊಳ್ಳಿ. 30 ಹಾಸಿಗೆ, ಎಲ್ಲವೂ ಭರ್ತಿ. ರೋಗಿ ಸರಾಸರಿ 6 ದಿನ ಉಳಿಯುತ್ತಾನೆ. ಅಂದರೆ ದಿನಕ್ಕೆ 5 ಹೊಸ ರೋಗಿಗಳಿಗಷ್ಟೇ ಜಾಗ. ಈ ಐವರಲ್ಲಿ ಇಬ್ಬರು ನಮ್ಮಮ್ಮನಂಥ ಸಣ್ಣ ಕೇಸು, ಮೂರು ದಿನ ಇರುತ್ತಾರೆ ಅಂದುಕೊಳ್ಳಿ. ಅವರು ಹಿಡಿದಿಟ್ಟುಕೊಳ್ಳುವುದು 6 ಹಾಸಿಗೆ. ಉಳಿದ ಮೂವರು ತೊಡೆ, ಸೊಂಟ ಮುರಿದವರು. ಅವರು ತಲಾ 8 ದಿನ ಇದ್ದು 24 ಹಾಸಿಗೆ ತುಂಬುತ್ತಾರೆ.

ಆ ಇಬ್ಬರು ಸಣ್ಣ ಕೇಸಿನವರನ್ನು ಅಂದೇ ಮನೆಗೆ ಕಳಿಸಿದರೆ 6 ಹಾಸಿಗೆ ಖಾಲಿ. 8 ದಿನ ಉಳಿಯುವ ದೊಡ್ಡ ಕೇಸುಗಳನ್ನು ಅಲ್ಲಿಗೆ ತಂದರೆ ನಾಲ್ಕು ದಿನಕ್ಕೆ ಮೂವರು ಹೆಚ್ಚುವರಿ ರೋಗಿಗಳು, ತಿಂಗಳಿಗೆ ಇಪ್ಪತ್ತೆರಡು ಜನ. ಒಂದೇ ಒಂದು ಇಟ್ಟಿಗೆ ಇಡದೆ, ಶಂಕುಸ್ಥಾಪನೆಯ ಕಲ್ಲು ನೆಡದೆ, ರಿಬ್ಬನ್ ಕತ್ತರಿಸದೆ. ಬಹುಶಃ ಅದಕ್ಕೇ ಇದು ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಎದ್ದು ಕಾಣುವುದಿಲ್ಲ. "ನೂರು ಹಾಸಿಗೆಯ ಆಸ್ಪತ್ರೆ ತಂದೆ" ಅಂತ ಬ್ಯಾನರ್ ಹಾಕಬಹುದು. "ಜನ ಸಾಯಂಕಾಲಕ್ಕೆ ಮನೆ ಸೇರುವ ಹಾಗೆ ಮಾಡಿದೆ" ಅಂತ ಹಾಕಿದರೆ ಯಾರು ನೋಡ್ತಾರೆ?

ಅಡಚಣೆ ಇರೋದು ಹಾಸಿಗೆಯಲ್ಲಲ್ಲ

ಆದರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ, ಗಮನಿಸಿದಿರಾ? ಹಾಸಿಗೆ ಖಾಲಿಯಾದರೆ ಸಾಲದು, ಆ ಇಪ್ಪತ್ತೆರಡು ಜನಕ್ಕೆ ಆಪರೇಷನ್ ಮಾಡಲು ಟೇಬಲ್ ಬೇಕು. ಟೇಬಲ್ ಇದ್ದರೆ ಅರಿವಳಿಕೆ ತಜ್ಞರು ಬೇಕು. ಅವರಿದ್ದರೆ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಬೇಕು. ಅದೂ ಇದ್ದರೆ ಆಟೋಕ್ಲೇವಿನಿಂದ ಶುದ್ಧವಾಗಿ ಹೊರಬಂದ ಉಪಕರಣಗಳ ಸೆಟ್ ಬೇಕು. ಈ ಸರಪಣಿಯಲ್ಲಿ ಯಾವ ಕೊಂಡಿ ಅತಿ ಸಣ್ಣದೋ ಇಡೀ ಆಸ್ಪತ್ರೆ ಆ ವೇಗದಲ್ಲೇ ನಡೆಯುತ್ತದೆ.

ಅಮ್ಮನ ಎರಡು ಉಪವಾಸಗಳು ವ್ಯರ್ಥವಾದದ್ದು ಇಲ್ಲೇ. ಆಕ್ಸಿಡೆಂಟ್ ಕೇಸಿಗೂ ಅವಳಿಗೂ ಟೇಬಲ್ ಒಂದೇ, ಅರಿವಳಿಕೆ ತಜ್ಞರೂ ಅದೇ ಒಬ್ಬರು. ತೆರೆದ ಮುರಿತ ಬಂದರೆ ಅದು ಮೊದಲು, ಅದು ಸರಿ. ಹೆರಿಗೆ ಕಷ್ಟವಾದರೆ ಅದು ಮೊದಲು, ಅದೂ ಸರಿ. ಆದರೆ ಅಪಘಾತಗಳು ದಿನಾಲೂ ಆಗುತ್ತವೆ, ಹೆರಿಗೆಗಳೂ ದಿನಾಲೂ ಆಗುತ್ತವೆ. ಹಾಗಾಗಿ ಸಾಲಿನ ಕೊನೆಯಲ್ಲಿರುವ ಸಣ್ಣ ಕೇಸು ದಿನಾಲೂ ಕೊನೆಯಲ್ಲೇ ಉಳಿಯುತ್ತದೆ. ಒಬ್ಬರೂ ತಪ್ಪು ನಿರ್ಧಾರ ಮಾಡದೆಯೇ ಒಬ್ಬ ದರ್ಜಿ ಹೆಂಗಸಿನ ಕೈ ಆರು ತಿಂಗಳು ತಡವಾಗುತ್ತದೆ. ನರ ಬಹಳ ಕಾಲ ಅದುಮಿಕೊಂಡಿದ್ದರೆ ಹೆಬ್ಬೆರಳ ಬುಡದ ಮಾಂಸ ಸೊರಗುತ್ತದೆ, ಆಮೇಲೆ ಆಪರೇಷನ್ ಮಾಡಿದರೂ ಬಲ ಪೂರ್ತಿ ವಾಪಸ್ ಬಾರದಿರಬಹುದು. "ತುರ್ತಲ್ಲ" ಅಂದರೆ "ಎಷ್ಟು ದಿನವಾದರೂ ಕಾಯಬಹುದು" ಅಂತ ಅರ್ಥವಲ್ಲ.

ಡೇ ಕೇರ್ ಚೆನ್ನಾಗಿ ನಡೆಯುವ ಕಡೆಗಳಲ್ಲಿ ಮಾಡಿರುವುದು ಇಷ್ಟೇ: ಸಣ್ಣ ಕೇಸುಗಳಿಗೆ ಬೇರೆಯೇ ಕೋಣೆ, ಬೇರೆಯೇ ಪಟ್ಟಿ, ಬೇರೆಯೇ ಸಿಬ್ಬಂದಿ. ಎಮರ್ಜೆನ್ಸಿ ಬಂದರೂ ಆ ಪಟ್ಟಿಯನ್ನು ಮುಟ್ಟುವುದಿಲ್ಲ. ಬೇಗ ಮನೆಗೆ ಕಳಿಸುವುದು ಇದರ ಫಲ, ಮೂಲ ಇರುವುದು ಸಾಲನ್ನು ಬೇರ್ಪಡಿಸುವುದರಲ್ಲಿ.

ಕೈ ಶಸ್ತ್ರಚಿಕಿತ್ಸೆಯಲ್ಲಂತೂ ಇನ್ನೂ ಮುಂದೆ ಹೋಗಬಹುದು. ಕೆನಡಾದ ಡೊನಾಲ್ಡ್ ಲಲೋಂಡ್ ಮತ್ತು ಜೊತೆಗಾರರು ಜನಪ್ರಿಯಗೊಳಿಸಿದ ವಿಧಾನದಲ್ಲಿ ಲಿಡೋಕೇನ್ ಜೊತೆ ಅಡ್ರಿನಲಿನ್ ಬೆರೆಸಿ ಅಂಗೈಗೇ ಚುಚ್ಚುತ್ತಾರೆ. ಲಿಡೋಕೇನ್ ನೋವು ತಡೆಯುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಿ ರಕ್ತಸ್ರಾವ ತಡೆಯುತ್ತದೆ, ಆದ್ದರಿಂದ ತೋಳಿಗೆ ಬಿಗಿಯುವ ಪಟ್ಟಿಯೂ ಬೇಡ. ಬೆರಳಿಗೆ ಅಡ್ರಿನಲಿನ್ ಚುಚ್ಚಿದರೆ ಬೆರಳೇ ಕೊಳೆತುಹೋಗುತ್ತದೆ ಎಂದು ದಶಕಗಳ ಕಾಲ ಪಾಠ ಹೇಳಿಕೊಡುತ್ತಿದ್ದರು. 2005ರಲ್ಲಿ ಅವರ ತಂಡ ಕೈ, ಬೆರಳುಗಳಿಗೆ ಹೀಗೆ ಚುಚ್ಚಿದ 3,110 ಪ್ರಕರಣಗಳ ಅಧ್ಯಯನ ಪ್ರಕಟಿಸಿತು. ಒಂದು ಬೆರಳೂ ಕೊಳೆತಿರಲಿಲ್ಲ.

ಈ ವಿಧಾನಕ್ಕೆ ದೊಡ್ಡ ಥಿಯೇಟರ್ ಬೇಡ, ಶುದ್ಧವಾದ ಮೈನರ್ ಓಟಿ ಸಾಕು. ಅರಿವಳಿಕೆ ತಜ್ಞರು ಪಕ್ಕದಲ್ಲೇ ನಿಲ್ಲಬೇಕಿಲ್ಲ. ನಿದ್ದೆಯ ಔಷಧಿ ಇಲ್ಲದ್ದರಿಂದ ಸಾಮಾನ್ಯವಾಗಿ ಉಪವಾಸವೂ ಬೇಡ.

ಈ ಕೊನೆಯ ವಾಕ್ಯ ಓದಿದ ದಿನ ನಾನು ಸುಮ್ಮನೆ ಕೂತುಬಿಟ್ಟೆ. ಅಮ್ಮನಿಗೆ ಕೊನೆಗೂ ಆಪರೇಷನ್ ಆದದ್ದು ಬರೀ ಲೋಕಲ್ ಅನಸ್ತೇಷಿಯಾದಲ್ಲಿ. ಸಕ್ಕರೆ ಕಾಯಿಲೆಯವಳು ಮೂರು ಸಲ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಹೋಗಿದ್ದಳು. ಪೂರ್ತಿ ಅರಿವಳಿಕೆ ಕೊಡುವಾಗಲೂ ಸಾಮಾನ್ಯ ಮಾರ್ಗಸೂಚಿ ಇರುವುದು ಗಟ್ಟಿ ಆಹಾರ ಆರು ಗಂಟೆ ಮೊದಲು, ನೀರು ಎರಡು ಗಂಟೆ ಮೊದಲು ನಿಲ್ಲಿಸಿ ಅಂತ. "ರಾತ್ರಿ ಹತ್ತರಿಂದ ಏನೂ ಬೇಡ" ಅನ್ನೋದು ನಿಯಮವಲ್ಲ, ರೂಢಿ. ಯಾರ ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಎಲ್ಲರನ್ನೂ ಹಸಿದಿರಿಸುವುದು ಸುಲಭ. ಪಟ್ಟಿಯ ಅನಿಶ್ಚಿತತೆಯನ್ನು ರೋಗಿಯ ಹೊಟ್ಟೆಗೆ ದಾಟಿಸಿದ್ದೇವೆ, ಅಷ್ಟೇ. (ನಿಮ್ಮ ಮನೆಯವರಿಗೆ ಆಪರೇಷನ್ ಇದ್ದರೆ ಇದನ್ನು ಓದಿ ತಿಂಡಿ ಕೊಟ್ಟುಬಿಡಬೇಡಿ. "ಎಷ್ಟು ಹೊತ್ತಿನಿಂದ, ಯಾಕೆ? ಶುಗರ್ ಮಾತ್ರೆ ಏನು ಮಾಡಲಿ?" ಅಂತ ನಿಮ್ಮ ಡಾಕ್ಟರನ್ನೇ ಕೇಳಿ.)

ಮನೆಗೆ ಹೋದ ಮೇಲೆ ಯಾರು?

ಇಲ್ಲಿಯವರೆಗೆ ಡೇ ಕೇರನ್ನು ಹೊಗಳಿದೆ. ಈಗ ಅದರ ಇನ್ನೊಂದು ಮುಖ.

ರೋಗಿ ಸಾಯಂಕಾಲ ಮನೆಗೆ ಹೋದ ಕೂಡಲೇ ಶುಶ್ರೂಷೆ ಮುಗಿಯುವುದಿಲ್ಲ, ಅದನ್ನು ಮಾಡುವವರು ಬದಲಾಗುತ್ತಾರೆ. ವಾರ್ಡಿನ ನರ್ಸ್ ಮಾಡುತ್ತಿದ್ದ ಕೆಲಸ ಮನೆಯ ಯಾರದ್ದೋ ಪಾಲಿಗೆ ಬರುತ್ತದೆ. ಆ ಯಾರೋ ಹೆಂಡತಿ, ಸೊಸೆ ಅಥವಾ ಶಾಲೆ ಬಿಟ್ಟು ಕೂರುವ ಮಗಳು. ನರ್ಸಿನ ಕೆಲಸಕ್ಕೆ ಸಂಬಳ ಇತ್ತು, ಇವರದ್ದಕ್ಕಿಲ್ಲ. ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ಉಳಿತಾಯ ಅಂತ ಕಾಣುವ ಹಣದ ಒಂದು ಭಾಗ ಇವರ ಕೂಲಿ. ಅಮ್ಮನ ವಿಷಯದಲ್ಲಿ ಎರಡು ವಾರ ಪಾತ್ರೆ ತೊಳೆದು, ತಲೆ ಬಾಚಿ, ಸೀರೆ ಉಡಿಸಿದವಳು ನನ್ನ ಅಕ್ಕ. ನಾನು ಲೇಖನ ಬರೆದೆ.

ಆ ಕೆಲಸ ಹುಡುಗಾಟದ್ದೂ ಅಲ್ಲ. ತೋಳಿಗೆ ನರದ ಬ್ಲಾಕ್ ಕೊಟ್ಟಿದ್ದರೆ ಮರಗಟ್ಟಿದ್ದು ಹಲವು ಗಂಟೆಗಳ ನಂತರ, ಬಹುಪಾಲು ರಾತ್ರಿ ಹೊತ್ತು, ಒಮ್ಮೆಲೇ ಇಳಿಯುತ್ತದೆ. ಅಷ್ಟರೊಳಗೆ ನೋವಿನ ಮಾತ್ರೆ ತಗೊಂಡಿರಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಮೂತ್ರ ಕಟ್ಟಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಪ್ಲಾಸ್ಟರ್. ಒಳಗೆ ಊತ ಏರಿ ಒತ್ತಡ ಹೆಚ್ಚಾದರೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯಲು ಶುರುವಾಗುತ್ತದೆ. ಮಾತ್ರೆಗೂ ಬಗ್ಗದೆ ಏರುತ್ತಲೇ ಹೋಗುವ ನೋವು, ಬೆರಳನ್ನು ಮೆಲ್ಲಗೆ ನೇರ ಮಾಡಿದರೂ ಚೀರುವಂತಾಗುವುದು, ಬೆರಳು ಮರಗಟ್ಟುವುದು, ತಣ್ಣಗೆ ಬಿಳಿಚುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯುವಂತಿಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಇದನ್ನು ಯಾರು ಹೇಳಿಕೊಟ್ಟಿರುತ್ತಾರೆ? ನಮಗೆ ಕೊಟ್ಟ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿತ್ತು, ಅದರಲ್ಲಿ ಒಂದು ಫೋನ್ ನಂಬರೂ ಇರಲಿಲ್ಲ.

ಜೊತೆಯಲ್ಲಿ ಒಬ್ಬ ವಯಸ್ಕರಿರಬೇಕು, ಫೋನ್ ಇರಬೇಕು, ತೊಂದರೆಯಾದರೆ ಬೇಗ ವಾಪಸ್ ಬರಲು ವಾಹನ ಇರಬೇಕು. ಡೇ ಕೇರ್‌ಗೆ ರೋಗಿಯನ್ನು ಆರಿಸುವಾಗ ಎಲ್ಲ ಕಡೆ ಕೇಳುವ ಪ್ರಶ್ನೆಗಳಿವು. ಕೊನೆಯ ಬಸ್ಸು ಏಳಕ್ಕೇ ಮುಗಿಯುವ ಊರಿನಿಂದ ಬಂದ ಒಂಟಿ ಮುದುಕಿಯ ಆಪರೇಷನ್ ಎಷ್ಟೇ ಚಿಕ್ಕದಿದ್ದರೂ ಅವಳಿಗೆ ಆ ರಾತ್ರಿ ಹಾಸಿಗೆ ಬೇಕು. "ಡೇ ಕೇರ್ ಮಾಡಿ" ಅಂತ ಮೇಲಿನಿಂದ ಟಾರ್ಗೆಟ್ ಬಂದ ದಿನ ಮೊದಲು ಹೊರಬೀಳುವವಳೂ ಅವಳೇ ಅನ್ನೋದು ನನ್ನ ಭಯ.

ಇನ್ನು ಕೂಲಿ. ಅಮ್ಮನ ಪಕ್ಕದ ಹಾಸಿಗೆಯಾಕೆಯನ್ನು ನೋಡಲು ಬರುತ್ತಿದ್ದ ತಮ್ಮ ಫುಡ್ ಡೆಲಿವರಿ ಹುಡುಗ. ಅವನ ಕೈಯಲ್ಲೂ ಪ್ಲಾಸ್ಟರ್, ಮಣಿಕಟ್ಟಿಗೆ ತಂತಿ ಹಾಕಿ ಅಂದೇ ಕಳಿಸಿದ್ದರಂತೆ. "ಆಸ್ಪತ್ರೇಲಿ ಒಂದೇ ದಿನ ಸರ್. ಆದ್ರೆ ಗಾಡಿ ಓಡ್ಸೋಕೆ ಎರಡು ತಿಂಗಳು" ಅಂದ. ಡೇ ಕೇರ್ ಉಳಿಸಿದ್ದು ಆಸ್ಪತ್ರೆಯ ದಿನಗಳನ್ನು, ಮೂಳೆ ಕೂಡುವ ದಿನಗಳನ್ನಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ, ಇಎಸ್‌ಐಗೆ ಒಳಪಟ್ಟ ನೌಕರನಾಗಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಕಾಯಿಲೆ ಭತ್ಯೆ ಸಿಗುತ್ತಿತ್ತು. ಆದರೆ ಅವನು ನೌಕರನಲ್ಲ, "ಪಾರ್ಟ್‌ನರ್". ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ತಂದು ಕಲ್ಯಾಣ ಮಂಡಳಿ, ಕಂಪನಿಗಳ ಮೇಲೆ ಕಲ್ಯಾಣ ಶುಲ್ಕ ಎಲ್ಲ ಹೇಳಿದೆ. ಆ ಹಣ ಇಂಥ ಎರಡು ತಿಂಗಳ ಖಾಲಿ ಕೈಗೆ ತಲುಪುತ್ತದೋ ಇಲ್ಲವೋ ಎನ್ನುವುದೇ ಆ ಕಾಯ್ದೆಯ ನಿಜವಾದ ಪರೀಕ್ಷೆ.

ವಿಮೆಯ 24 ಗಂಟೆ

ಖಾಸಗಿ ವಿಮೆ ಇರುವವರಿಗೆ ಇನ್ನೊಂದು ಬಲೆ. ವಿಮಾ ಪಾಲಿಸಿಗಳಲ್ಲಿ "ಆಸ್ಪತ್ರೆ ದಾಖಲಾತಿ" ಎಂದರೆ ಕನಿಷ್ಠ 24 ಗಂಟೆ. ಡೇ ಕೇರ್ ಎಂಬುದು ಅದಕ್ಕಿರುವ ವಿನಾಯಿತಿ. ತಂತ್ರಜ್ಞಾನ ಮುಂದುವರಿದ ಕಾರಣ 24 ಗಂಟೆಯೊಳಗೆ ಮುಗಿಯುವ, ಇಲ್ಲದಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು ದಾಖಲಾಗಬೇಕಿದ್ದ ಚಿಕಿತ್ಸೆ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆ. ಅದರ ಬಾಲದಲ್ಲೊಂದು ಮಾತಿದೆ: ಸಾಮಾನ್ಯವಾಗಿ ಒಪಿಡಿಯಲ್ಲಿ ಮಾಡುವ ಚಿಕಿತ್ಸೆ ಇದರಲ್ಲಿ ಸೇರುವುದಿಲ್ಲ.

ಇದರ ಪರಿಣಾಮ ನೋಡಿ. ಅದೇ ಆಪರೇಷನ್, ಅದೇ ಡಾಕ್ಟರು, ಅದೇ ಇಪ್ಪತ್ತು ನಿಮಿಷ. ದೊಡ್ಡ ಥಿಯೇಟರಿನಲ್ಲಿ ಮಾಡಿದರೆ ಡೇ ಕೇರ್, ಕ್ಲೇಮ್ ಸಿಗುತ್ತದೆ. ಮೈನರ್ ಓಟಿಯಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಿದರೆ "ಇದು ಒಪಿಡಿ" ಅಂತ ತಿರಸ್ಕರಿಸಲು ದಾರಿಯಿದೆ. ಚಿಕಿತ್ಸೆ ಸರಳವಾದಷ್ಟೂ ವಿಮೆ ದೂರ ಸರಿಯುತ್ತದೆ. 2023ರಲ್ಲಿ ವಡೋದರದ ಗ್ರಾಹಕ ವೇದಿಕೆಯೊಂದು, ತಂತ್ರಜ್ಞಾನ ಬದಲಾಗಿರುವಾಗ 24 ಗಂಟೆ ತುಂಬಿಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಹೇಳಿತು. ಅದು ಒಬ್ಬರ ಪ್ರಕರಣದ ತೀರ್ಪು. ಉಳಿದವರು ಆಪರೇಷನ್ನಿಗೆ ಮೊದಲೇ "ಇದು ಡೇ ಕೇರ್ ಪಟ್ಟಿಯಲ್ಲಿದೆಯಾ?" ಅಂತ ಬರಹದಲ್ಲಿ ಕೇಳಿಟ್ಟುಕೊಳ್ಳುವುದೇ ಕ್ಷೇಮ.

ಸರ್ಕಾರಿ ಯೋಜನೆಯಲ್ಲೂ ಇದೇ ಗೆರೆ ಇದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಮಿತಿ 1.5 ಲಕ್ಷ. ತುರ್ತಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಸರ್ಕಾರಿ ಆಸ್ಪತ್ರೆಯೇ ಮೊದಲು ಎಂಬ ಈ ತತ್ವಕ್ಕೆ ನನ್ನ ಪೂರ್ತಿ ಬೆಂಬಲ. ಆದರೆ "ನೀವು ಇಲ್ಲಿಗೇ ಬರಬೇಕು" ಅಂತ ಹೇಳುವ ವ್ಯವಸ್ಥೆಗೆ "ಬಂದ ದಿನ ಕೆಲಸ ಆಗುತ್ತದೆ" ಅಂತ ಹೇಳುವ ಹೊಣೆಯೂ ಇರಬೇಕಲ್ವಾ? ಶಕ್ತಿ ಯೋಜನೆಯಿಂದ ಅಮ್ಮನ ಬಸ್ ಚಾರ್ಜ್ ಉಳಿಯಿತು, ನಿಜ. ಮೂರು ದಿನದ ಹೊಲಿಗೆ ಕೂಲಿ ಉಳಿಯಲಿಲ್ಲ.

ಸುಲಭವಾದದ್ದೆಲ್ಲ ಬೇಕಾದದ್ದಲ್ಲ

ಒಂದು ಎಚ್ಚರಿಕೆ. ಆಪರೇಷನ್ ಸುಲಭವಾದರೆ ಬೇಡದ ಆಪರೇಷನ್ನೂ ಸುಲಭವಾಗುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆತದ 180 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಿಜವಾದ ಆರ್ಥ್ರೋಸ್ಕೋಪಿ, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದು ಆಪರೇಷನ್ ಆದಂತೆ ನಟನೆ. ಎರಡು ವರ್ಷದ ನಂತರ ನೋವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. 2013ರಲ್ಲಿ ಫಿನ್ಲೆಂಡಿನ ತಂಡ ವಯಸ್ಸಿನಿಂದ ಹರಿದ ಮಂಡಿಯ ಮೆತ್ತೆ ಕತ್ತರಿಸುವ ಆಪರೇಷನ್ನನ್ನು 146 ಜನರಲ್ಲಿ ಹೀಗೇ ಪರೀಕ್ಷಿಸಿತು. ಅಲ್ಲೂ ನಟನೆಯ ಆಪರೇಷನ್ನಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆಟದಲ್ಲಿ ಪೆಟ್ಟಾಗಿ ಮಂಡಿ ಲಾಕ್ ಆದ ಹುಡುಗಿಯ ಕಥೆ ಬೇರೆ, ಐವತ್ತೈದರ ಮಂಡಿನೋವಿನ ಕಥೆ ಬೇರೆ. "ಬೆಳಗ್ಗೆ ಬನ್ನಿ, ಸಾಯಂಕಾಲ ಹೋಗಿ" ಎಂಬ ಜಾಹೀರಾತು ಕಂಡಾಗ "ಹೋಗಲೇಬೇಕಾ?" ಅಂತ ಮೊದಲು ಕೇಳಿ.

ಏನು ಕೇಳಬೇಕು?

ಈ ಸೈಟ್ ಓದುವ ನಿಮ್ಮಲ್ಲಿ ಹಲವರು ಅರ್ಜಿ ಬರೆಯುವವರು, ಧರಣಿ ಕೂರುವವರು. "ಆರೋಗ್ಯಕ್ಕೆ ಬಜೆಟ್ ಹೆಚ್ಚಿಸಿ" ಅನ್ನೋದು ಸರಿಯಾದ ಬೇಡಿಕೆ, ಆದರೆ ಅದಕ್ಕೆ ತಲೆಯಾಡಿಸಿ ಸುಮ್ಮನಾಗುವುದು ಸುಲಭ. ನಿಮ್ಮ ಜಿಲ್ಲಾಸ್ಪತ್ರೆಗೆ ಮೂರು ಅಂಕಿಗಳನ್ನು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಒಂದು, ಕಳೆದ ವರ್ಷ ಮೂಳೆ ವಿಭಾಗದಲ್ಲಿ ತಾರೀಖು ಕೊಟ್ಟು ಅದೇ ದಿನ ರದ್ದಾದ ಆಪರೇಷನ್ ಎಷ್ಟು? ಎರಡು, ಅಂದೇ ಮನೆಗೆ ಹೋದವರು ಎಷ್ಟು? ಮೂರು, ಮನೆಗೆ ಹೋದವರಲ್ಲಿ ತೊಂದರೆಯಾಗಿ ವಾಪಸ್ ಬಂದವರು ಎಷ್ಟು? ಮೊದಲನೆಯದು ರೋಗಿಯ ಸಮಯಕ್ಕೆ ಕೊಡುವ ಬೆಲೆ ತೋರಿಸುತ್ತದೆ, ಎರಡನೆಯದು ವ್ಯವಸ್ಥೆಯ ಜಾಣತನ, ಮೂರನೆಯದು ಅದರ ಪ್ರಾಮಾಣಿಕತೆ. "ಇಂಥ ಲೆಕ್ಕ ಇಟ್ಟಿಲ್ಲ" ಅಂತ ಉತ್ತರ ಬಂದರೆ ಅದೂ ಒಂದು ಉತ್ತರವೇ. ಆ ಕಾಗದ ಹಿಡಿದು ಆರೋಗ್ಯ ರಕ್ಷಾ ಸಮಿತಿಯ ಮುಂದೆ, ಶಾಸಕರ ಮುಂದೆ ನಿಲ್ಲಬಹುದು.

ಜೊತೆಗೆ ಕೇಳಬೇಕಾದ್ದು: ವಾರಕ್ಕೆ ಎರಡು ದಿನವಾದರೂ ಎಮರ್ಜೆನ್ಸಿ ಮುಟ್ಟದ ಪ್ರತ್ಯೇಕ ಪಟ್ಟಿ. ಕನ್ನಡದಲ್ಲಿ ಡಿಸ್ಚಾರ್ಜ್ ಚೀಟಿ, ಅದರ ಮೇಲೆ ರಾತ್ರಿಯೂ ಎತ್ತುವ ಒಂದು ಫೋನ್ ನಂಬರು. ಡ್ರೆಸಿಂಗ್, ಹೊಲಿಗೆ ಬಿಚ್ಚುವುದು ಹತ್ತಿರದ ಆರೋಗ್ಯ ಕೇಂದ್ರದಲ್ಲೇ.

ನಿಕೋಲ್ ಹೇಳಿದ ಎರಡನೇ ಮಾತು ನೆನಪಿದೆಯಾ, ಮನೆಗೆ ಹೋಗುವ ನರ್ಸ್? ಮನೆಗೆ ಹೋಗಿ ನೋಡಿಬರುವುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹುಟ್ಟಿದ ಮಗುವನ್ನು ನೋಡಲು 42 ದಿನದೊಳಗೆ ಹಲವು ಸಲ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಆಪರೇಷನ್ ಆದ ಮರುದಿನವೂ ಯಾರಾದರೂ ಬರಬಹುದು. ಆದರೆ 2025ರ ಜನವರಿಯಲ್ಲಿ ಅದೇ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನ ಚಳಿಯಲ್ಲಿ ಅಹೋರಾತ್ರಿ ಕೂತಿದ್ದರು. ಹೊಸ ಕೆಲಸ ಕೊಡುವುದಾದರೆ ಮೊದಲು ಸಂಬಳ ಕೊಡಿ. ಇಲ್ಲದಿದ್ದರೆ ಮನೆಯ ಹೆಂಗಸಿನ ಬಿಟ್ಟಿ ದುಡಿಮೆಯನ್ನು ಬೀದಿಯ ಹೆಂಗಸಿನ ಅಗ್ಗದ ದುಡಿಮೆಗೆ ದಾಟಿಸಿದಂತಾಗುತ್ತದೆ, ಅಷ್ಟೇ.

ಅಮ್ಮನ ಹೊಲಿಗೆ ಬಿಚ್ಚಿ ತಿಂಗಳುಗಳಾದವು. ರಾತ್ರಿ ನಿದ್ದೆ ಬರುತ್ತಿದೆ, ತೋರುಬೆರಳ ತುದಿಯಲ್ಲಿ ಮಾತ್ರ ಜೋಮು ಪೂರ್ತಿ ಹೋಗಿಲ್ಲ. ಎಡಗೈಯಲ್ಲೂ ಈಗ ಶುರುವಾಗಿದೆ. ಡಾಕ್ಟರು, "ಅದನ್ನೂ ಮಾಡಿಬಿಡೋಣ ಅಮ್ಮ, ಚಿಕ್ಕ ಆಪರೇಷನ್" ಅಂದಿದ್ದಾರೆ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಈ ಸಲ ಎಷ್ಟು ಸಲ ಬರಬೇಕು ಸಾರ್?"